ಎಲಿನಾಳ ಕಾಲು

ಬಾಡಿಗೆಗಿದ್ದ ಹುಡುಗ ಕೊಂಡ್ವಾನಿಯ ಅಪ್ಪ ಅಮ್ಮ ತಮ್ಮ ಮನೆಗೇ ಬಂದು ಉಳಿಯುತ್ತಾರೆ ಎಂಬುದು ಸ್ಪಂದನಾಳಿಗೆ ಗೊತ್ತಾದದ್ದು ಅವರು ವಿಮಾನ ಹತ್ತಿದ ಮೇಲೆ.

"ನನ್ನನ್ನ ಒಂದ್ಮಾತು ಕೇಳ್ದೆ ಹೆಂಗೆ ಓಕೆ ಅಂದೆ?" ಎಂದು ಗಂಡನ ಮೇಲೆ ಹರಿಹಾಯ್ದಳು.

"ಮಗನ ಕಾನ್ವೊಕೇಶನ್ ನೋಡೋಕೆ ಬರ್ತಿದಾರೆ ಕಣೆ. ಎರಡೇ ವಾರ. ಅವನ ರೂಮಲ್ಲೇ ಅಡ್ಜಸ್ಟ್ ಮಾಡ್ಕೋತಾರೆ," ಎಂದ ಅವಿನಾಶ್.

"ಅಡ್ಜಸ್ಟ್ ಮಾಡ್ಕೋಬೇಕಾದೋಳು ನಾನು. ನೀನು ಬೆಳಗ್ಗೆ ಸೆಲೆಟಾರ್‌ಗೆ ಕೆಲಸಕ್ಕೆ ಹೋದ್ರೆ ಮುಗೀತು. ಇಡೀ ದಿನ ಮನೇಲಿ ಕೂತು ಕಾಲ್ ಅಟೆಂಡ್ ಮಾಡೋಳು ಯಾರು?"

ಕೊಂಡ್ವಾನಿ ಜಾಂಬಿಯಾದವನು. ಕ್ಲೆಮೆಂಟಿ ಬಡಾವಣೆಯ ಅವರ ಫ್ಲ್ಯಾಟಿನ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದುಕೊಂಡೇ ಪಿಎಚ್.ಡಿ. ಮುಗಿಸಿದ್ದ. ಅವನಿದ್ದಾನೆಂಬುದೇ ಗೊತ್ತಾಗದಷ್ಟು ಮೌನಿ. ಅವನ ಹೆತ್ತವರು ಕಟೆಟೆ ಎಂಬ ಊರಿನಾಚೆಯ ಹಳ್ಳಿಯವರು, ಮೆಕ್ಕೆಜೋಳ, ಕಡಲೆಕಾಯಿ ಬೆಳೆಯುವವರು. ಅಪ್ಪ ಜೋಸೆಫ್ ಮಿಷನ್ ಶಾಲೆಯಲ್ಲಿ ಕಲಿತ ನಿಧಾನದ ಇಂಗ್ಲಿಷ್ ಮಾತಾಡುತ್ತಿದ್ದ. ಅಮ್ಮ ಎಲಿನಾಳಿಗೆ ಅವರ ಚೇವಾ ಭಾಷೆ ಬಿಟ್ಟರೆ ಬೇರೆ ಬರುತ್ತಿರಲಿಲ್ಲ. ಬಂದ ದಿನ ಆಕೆ ಮಂಡಿ ತುಸು ಬಗ್ಗಿಸಿ, ಚಪ್ಪಾಳೆ ತಟ್ಟಿದಂತೆ ಎರಡೂ ಕೈ ಸೇರಿಸಿ ಸ್ಪಂದನಾಳಿಗೆ ವಂದಿಸಿದಳು. ಸ್ಪಂದನಾ ತಲೆಯಾಡಿಸಿ ಲ್ಯಾಪ್‌ಟಾಪ್ ಕಡೆ ತಿರುಗಿದಳು.

ಕೆಲವೇ ದಿನಗಳಲ್ಲಿ ಹಿಂದಿನ ಕೋಣೆಯಿಂದ ಒಂದು ವಾಸನೆ ಶುರುವಾಯಿತು. ಹಳಸಿದ ಮಾಂಸದಂಥ ಸಿಹಿಗಟ್ಟಿದ ವಾಸನೆ. ಏನೋ ತಂದು ಮಂಚದಡಿ ಇಟ್ಟುಕೊಂಡಿದ್ದಾರೆ ಎಂದೇ ಸ್ಪಂದನಾ ತೀರ್ಮಾನಿಸಿದಳು. ಎಲಿನಾ ಅಡುಗೆಮನೆಯಿಂದ ಕೋಣೆಗೆ ಹೋಗುತ್ತಿದ್ದಂತೆ ಸ್ಪಂದನಾ ಅವಳ ಬೆನ್ನ ಹಿಂದೆಯೇ ರೂಮ್ ಸ್ಪ್ರೇ ಹೊಡೆದಳು. ಬಾಗಿಲಲ್ಲಿ ನಿಂತಿದ್ದ ಜೋಸೆಫ್ ಅದನ್ನು ನೋಡಿದ. ಆಮೇಲೆ ಅವನು ಸ್ಪಂದನಾಳಿಗೆ ಗುಡ್ ಮಾರ್ನಿಂಗ್ ಹೇಳುವುದನ್ನೂ ಬಿಟ್ಟ.

ಆ ಸಂಜೆ ಕೊಂಡ್ವಾನಿ ಅವಳೆದುರು ನಿಂತು ಇಂಗ್ಲಿಷಿನಲ್ಲಿ ಕೇಳಿದ: "ನನ್ನ ತಾಯಿ ಏನು, ಜಿರಳೆಯಾ?"

"ಮನೆ ನಾರ್ತಿದೆ. ನನ್ನ ಮನೆ ಇದು. ಹೇಳೋ ಹಕ್ಕು ನನಗಿಲ್ವಾ?"

"ಹೇಳಿ. ಬಾಯಲ್ಲಿ ಹೇಳಿ. ಇಷ್ಟು ದಿನ ನನ್ನನ್ನು ಸಹಿಸಿಕೊಂಡಿದ್ದು ನಾನು ಕಣ್ಣಿಗೆ ಬೀಳದೆ ಇದ್ದುದರಿಂದ ಅಂತ ಈಗ ಗೊತ್ತಾಯಿತು."

ಅವನು ಬಾಗಿಲು ಹಾಕಿಕೊಂಡ. ಸ್ಪಂದನಾ ರಾತ್ರಿ ಊಟ ಮಾಡಲಿಲ್ಲ. ಅವನ ಮಾತು ಸುಳ್ಳು ಎಂದು ಅವಿನಾಶ್ ಹೇಳಲಿ ಎಂದು ಕಾದಳು. ಅವಿನಾಶ್ ಟಿ.ವಿ. ನೋಡುತ್ತಿದ್ದ.

ಘಟಿಕೋತ್ಸವ ಶನಿವಾರ. ಗುರುವಾರ ಕೊಂಡ್ವಾನಿ ಗೌನು ತರಲು ಕ್ಯಾಂಪಸ್ಸಿಗೆ ಹೋಗಿದ್ದ. ಸ್ಪಂದನಾ ಮೀಟಿಂಗಿನಲ್ಲಿದ್ದಾಗ ಬಾತ್‌ರೂಮಿನ ಹತ್ತಿರ ಏನೋ ಬಿದ್ದ ಸದ್ದಾಯಿತು. ಓಡಿ ಬಂದು ನೋಡಿದರೆ ಎಲಿನಾ ಗೋಡೆಗೊರಗಿ ಕುಸಿದು ಕೂತಿದ್ದಳು. ಮೈ ಕಾದು ನಡುಗುತ್ತಿತ್ತು. ಸೀರೆಯಂತೆ ಸುತ್ತಿದ್ದ ಬಟ್ಟೆ ಮೇಲೆ ಸರಿದು, ಬಲಗಾಲಿಗೆ ಬಿಗಿದ ಚಿಂದಿ ಕಾಣುತ್ತಿತ್ತು. ವಾಸನೆ ಅಲ್ಲಿಂದಲೇ ಬರುತ್ತಿತ್ತು.

ಸ್ಪಂದನಾ ಮಂಡಿಯೂರಿ ಚಿಂದಿ ಬಿಚ್ಚಿದಳು. ಎರಡು ಬೆರಳು ಕಪ್ಪಗಾಗಿದ್ದವು. ಪಾದ ಊದಿ ಹೊಳೆಯುತ್ತಿತ್ತು. ಮೈಸೂರಿನಲ್ಲಿ ಅವಳ ಅಮ್ಮ ಕಾಮಾಕ್ಷಿಗೆ ಸಕ್ಕರೆ ಕಾಯಿಲೆ. ಕಾಲಿಗೆ ಒಂದು ಗೀರು ಬಿದ್ದರೂ ಮನೆಯೆಲ್ಲ ಗಾಬರಿ. ಅವಿನಾಶ್ ಸಕ್ಕರೆ ನೋಡಿಕೊಳ್ಳುವ ಮೀಟರ್ ತಂದು ಎಲಿನಾಳ ಬೆರಳು ಚುಚ್ಚಿದಳು. ಅದು ಅಂಕಿಯನ್ನೇ ತೋರಿಸಲಿಲ್ಲ, 'ಹೈ' ಎಂದಷ್ಟೇ ತೋರಿಸಿತು.

"ಇದು ಯಾವಾಗಿಂದ?" ಎಂದು ಜೋಸೆಫನನ್ನು ಕೇಳಿದಳು.

"ಮನೆ ಬಿಡುವ ಮೊದಲೇ. ಮುಳ್ಳು ಚುಚ್ಚಿತ್ತು. ಮಗನಿಗೆ ಹೇಳಕೂಡದು ಅಂತ ಆಣೆ ಹಾಕಿಸಿದ್ದಾಳೆ. ಶನಿವಾರ ಕಳೆಯಲಿ, ಆಮೇಲೆ ನೋಡೋಣ."

"ಶನಿವಾರದವರೆಗೆ ಇವರು ಇರಲ್ಲ. ಆಂಬುಲೆನ್ಸ್ ಕರೀತೀನಿ."

ಜೋಸೆಫ್ ಅವಳಿಗೂ ಹೆಂಡತಿಗೂ ನಡುವೆ ಬಂದು ನಿಂತ. "ನಮ್ಮನ್ನು ಹೊರಗೆ ಹಾಕಬೇಕು ಅಂತಿದ್ದಿರಿ. ಈಗ ದಾರಿ ಸಿಕ್ಕಿತು."

"ಹೌದು," ಸ್ಪಂದನಾ ಕಿರುಚಿದಳು. "ನೀವು ಈ ಮನೆಯಿಂದ ಹೋಗಬೇಕು. ಇಬ್ಬರೂ ಜೀವಂತ ಹೋಗಬೇಕು. ಸರೀರಿ!"

ಅವನು ಸರಿಯಲಿಲ್ಲ. ಅವಳು ಅವನ ಮುಖವನ್ನೇ ನೋಡುತ್ತ ಫೋನಿನಲ್ಲಿ ವಿಳಾಸ ಹೇಳಿದಳು. ಆಮೇಲೆ ಕೊಂಡ್ವಾನಿಗೆ ಹಚ್ಚಿದಳು. ಅವನು ಎತ್ತಲಿಲ್ಲ. ಇವಳ ಹೆಸರು ನೋಡಿಯೇ ಎತ್ತಿರಲಿಕ್ಕಿಲ್ಲ.

ಆಸ್ಪತ್ರೆಯ ಕೌಂಟರಿನ ಹೆಂಗಸು, ಇವರು ವಿಸಿಟ್ ಪಾಸಿನ ಮೇಲೆ ಬಂದ ಹೊರದೇಶದವರು, ಬಿಲ್ಲಿನ ಜವಾಬ್ದಾರಿ ಯಾರದು ಎಂದು ಕೇಳಿದಳು. ಜೋಸೆಫ್ ನೆಲ ನೋಡುತ್ತಿದ್ದ.

"ನಂದು," ಎಂದು ಸ್ಪಂದನಾ ತನ್ನ ಗುರುತಿನ ಚೀಟಿ ಕೌಂಟರಿನ ಮೇಲಿಟ್ಟು ಫಾರಂಗೆ ಸಹಿ ಹಾಕಿದಳು.

"ಅವರು ನಿಮಗೇನಾಗಬೇಕು?"

"ಏನೂ ಆಗಬೇಕಾಗಿಲ್ಲ. ಮೊದಲು ಒಳಗೆ ಕರ್ಕೊಂಡು ಹೋಗಿ."

ಸುದ್ದಿ ಕೇಳಿದ ಅವಿನಾಶ್ ಫೋನಿನಲ್ಲೇ ಕೂಗಾಡಿದ. "ನೀನ್ಯಾಕೆ ಸೈನ್ ಮಾಡ್ದೆ? ತಲೆ ಕೆಟ್ಟಿದ್ಯಾ? ನಾಳೆ ಅವರು ಊರಿಗೆ ಹೋದ್ರೆ?"

"ಅವರು ಬರೋಕೆ ಓಕೆ ಅಂದಿದ್ದು ನೀನೇ ಅಲ್ವಾ," ಎಂದು ಫೋನಿಟ್ಟಳು.

ಅಪ್ಪನಿಂದ ಸುದ್ದಿ ತಿಳಿದು ಕೊಂಡ್ವಾನಿ ಬಂದಾಗ ಎಲಿನಾಳನ್ನು ಶಸ್ತ್ರಚಿಕಿತ್ಸೆಗೆ ಒಯ್ದಾಗಿತ್ತು. "ನನಗೆ ಹೇಳದೆ ನೀವು ಹೇಗೆ ತಂದಿರಿ? ಅವಳಿಗೆ ನಿಮ್ಮ ಒಂದು ಮಾತೂ ಅರ್ಥವಾಗಲ್ಲ. ಎಷ್ಟು ಹೆದರಿರಬೇಕು ಗೊತ್ತಾ?" ಎಂದು ಅವಳ ಮೇಲೆ ಏರಿ ಬಂದ. ಅಷ್ಟರಲ್ಲಿ ಹೊರಬಂದ ಡಾಕ್ಟರು, ಬೆರಳುಗಳನ್ನು ತೆಗೆಯಲೇಬೇಕು, ಇನ್ನೂ ತಡವಾಗಿದ್ದರೆ ಕಾಲೂ ಹೋಗುತ್ತಿತ್ತು, ಜೀವವೂ ಹೋಗುತ್ತಿತ್ತು ಎಂದರು. ಅವನು ಅಪ್ಪನ ಕಡೆ ತಿರುಗಿದ. ತಂದೆ ಮಗ ಅವರ ಭಾಷೆಯಲ್ಲಿ ಜಗಳವಾಡಿದರು. ಜೋಸೆಫ್ ಅಳತೊಡಗಿದ.

ಶನಿವಾರ ಎಲಿನಾ ಮಗನನ್ನೂ ಗಂಡನನ್ನೂ ಬೈದು ಸಮಾರಂಭಕ್ಕೆ ಅಟ್ಟಿದಳು. ಹತ್ತಿರ ಕೂರಲು ಬೇರೆ ಯಾರೂ ಇರಲಿಲ್ಲ. "ನಾನಿರ್ತೀನಿ," ಎಂದಳು ಸ್ಪಂದನಾ. ಕೊಂಡ್ವಾನಿ ಬೇಡವೆಂದ. ಮತ್ತೆ ಗಡಿಯಾರ ನೋಡಿ ಹೊರಟ.

ಸ್ಪಂದನಾ ಹೊದಿಕೆ ಸರಿಮಾಡಲು ಹೋದಳು. ಎಲಿನಾ ಅವಳ ಕೈಯನ್ನು ತಳ್ಳಿದಳು. ತನ್ನನ್ನು ಉಳಿಸಿದವಳು ಎಂದು ಆಕೆಗೆ ಗೊತ್ತಿತ್ತು. ಮಗನ ಗೌನು ನೋಡದಂತೆ ಮಾಡಿದವಳು, ತನ್ನ ಬೆನ್ನಿಗೆ ಸ್ಪ್ರೇ ಹೊಡೆದವಳು ಎಂದೂ ಗೊತ್ತಿತ್ತು. ಎಲ್ಲವೂ ಆ ನೋಟದಲ್ಲಿತ್ತು. ಥ್ಯಾಂಕ್ಸಿಗಾಗಿ ತಾನು ಎರಡು ದಿನದಿಂದ ಕಾಯುತ್ತಿದ್ದೇನೆಂದು ಸ್ಪಂದನಾಳಿಗೆ ಆಗ ಹೊಳೆದು, ಮುಖ ಬಿಸಿಯಾಯಿತು.

ಸಮಾರಂಭದ ನೇರ ಪ್ರಸಾರವನ್ನು ಫೋನಿನಲ್ಲಿ ಹುಡುಕಿ ಅವಳ ಮುಂದೆ ಹಿಡಿದಳು. ಎಲಿನಾ ಫೋನನ್ನು ಕಿತ್ತುಕೊಂಡಳು. ಕಷ್ಟಪಟ್ಟು ಮಗ್ಗುಲಾಗಿ, ಸ್ಪಂದನಾಳಿಗೆ ಬೆನ್ನು ಮಾಡಿ ನೋಡತೊಡಗಿದಳು. ಮಗನ ಹೆಸರು ಕೂಗಿದ್ದು, ಚಪ್ಪಾಳೆ, ಆಮೇಲೆ ಎಲಿನಾ ಒಬ್ಬಳೇ ನಾಲಿಗೆಯಾಡಿಸಿ ಹಾಕಿದ ಹರ್ಷದ ಕೇಕೆ ಸ್ಪಂದನಾಳಿಗೆ ಕೇಳಿಸಿತು. ನರ್ಸೊಬ್ಬಳು ಗಾಬರಿಯಿಂದ ಓಡಿ ಬಂದಳು. "ಏನಿಲ್ಲ, ಬಿಡಿ. ಕೂಗಲಿ," ಎಂದಳು ಸ್ಪಂದನಾ.

ಗಾಯ ಒಣಗಿದ ಮೇಲೆ ಎಲಿನಾಳನ್ನು ಗಾಲಿಕುರ್ಚಿಯಲ್ಲಿ ವಿಮಾನ ಹತ್ತಿಸಿದರು. ಆಸ್ಪತ್ರೆಯ ಬಾಕಿಯನ್ನು ಕೊಂಡ್ವಾನಿ ತನ್ನ ಹೆಸರಿಗೆ ಬರೆಸಿಕೊಂಡ. ತಿಂಗಳ ಕೊನೆಗೆ ಬೂನ್ ಲೇ ಬಡಾವಣೆಯ ಬೇರೆ ಮನೆಗೆ ಶಿಫ್ಟ್ ಆಗುತ್ತೇನೆಂದ.

"ಅಷ್ಟೆಲ್ಲ ಆದ ಮೇಲೂ?" ಸ್ಪಂದನಾ ಕೇಳಿಬಿಟ್ಟಳು.

"ನೀವು ಮಾಡಿದ್ದು ಸರಿ," ಎಂದ ಅವನು. "ನಾನು ಮಾಡಬೇಕಾಗಿದ್ದನ್ನೇ ಮಾಡಿದಿರಿ. ಆದರೂ ಈ ಮನೆಯಲ್ಲಿ ನನಗೆ ಇರೋಕಾಗಲ್ಲ."

ಅವನು ಮನೆ ಬಿಟ್ಟ ದಿನ ಅವಳು ಅವನ ಪುಸ್ತಕದ ಪೆಟ್ಟಿಗೆಯೊಂದನ್ನು ಎತ್ತಿಕೊಂಡು ಲಿಫ್ಟಿನವರೆಗೆ ಬಂದಳು. ಬಾಗಿಲು ತೆರೆದಾಗ ಅವನು ಅದನ್ನು ಅವಳ ಕೈಯಿಂದ ತೆಗೆದುಕೊಂಡ.