ದೀಪಾಲಿಯ ನೀರಡಿಕೆ

ಅದು ಕೊರೋನಾದ ಎರಡನೆಯ ವರ್ಷ. ಬಸ್ಸು ನಿಂತು, ಸಂತೆ ಮುಚ್ಚಿ, ಸದಲಗಾ ಊರು ಹಗಲಿನಲ್ಲೂ ನಿದ್ದೆಯಲ್ಲಿದ್ದಂತಿತ್ತು. ಆರು ತಿಂಗಳ ಬಸುರಿ ದೀಪಾಲಿಗೆ ಇಂದು ಸೋಮವಾರವೋ ಶುಕ್ರವಾರವೋ ತಿಳಿಯುತ್ತಿರಲಿಲ್ಲ. ಕಿಟಕಿಯಾಚೆ ಕಬ್ಬಿನ ಗರಿಗಳು ತೂಗುವುದನ್ನು ನೋಡುತ್ತ ಕುಳಿತರೆ ಕಣ್ಣು ತಾನೇ ಮುಚ್ಚುತ್ತಿತ್ತು. ಮೊದಲು ದಿನಾ ಹೊಲಕ್ಕೆ ನಡೆದುಹೋಗುತ್ತಿದ್ದವಳು ಈಗ ಹೊಸ್ತಿಲು ದಾಟುತ್ತಿರಲಿಲ್ಲ. ಅತ್ತೆ ಕಸ್ತೂರೆವ್ವ ಮಾತ್ರ ಗಳಿಗೆಗೊಮ್ಮೆ ಬೆಲ್ಲದ ಚಹಾ, ಶೇಂಗಾದುಂಡಿ, ತುಪ್ಪ ಸುರಿದ ಸಿಹಿ ಮಾದಲಿ ತಂದಿಡುತ್ತಿದ್ದಳು.

ಒಂದು ಮಧ್ಯಾಹ್ನದ ಜೊಂಪಿನಲ್ಲಿ ದೀಪಾಲಿಗೆ ಕನಸು ಬಿತ್ತು. ದೂಧಗಂಗೆಯ ದಡದಲ್ಲಿ ಕುಳಿತು ಬೊಗಸೆ ಬೊಗಸೆ ನೀರು ಕುಡಿಯುತ್ತಿದ್ದಾಳೆ. ಹೊಳೆ ತಗ್ಗುತ್ತ ತಗ್ಗುತ್ತ ಮರಳು ಕಾಣಿಸಿತು; ನೀರಡಿಕೆ ಹಾಗೇ ಇತ್ತು. ಎಚ್ಚರವಾದಾಗ ನಾಲಿಗೆ ಒಣಗಿತ್ತು.

ಅಂಗಳದಲ್ಲಿ ಮಾಸ್ಕ್ ಹಾಕಿಕೊಂಡ ಆಶಾ ಕಾರ್ಯಕರ್ತೆ ಮನೀಷಾ ನಿಂತಿದ್ದಳು.

“ದೀಪಾಲಿ, ಎರಡ ತಿಂಗಳಾತು, ದವಾಖಾನಿ ಕಡೆ ಬಂದೇ ಇಲ್ಲಲ್ಲ? ಸಕ್ಕರಿ ತಪಾಸಣಿ ಉಳದೈತಿ.”

ಕಸ್ತೂರೆವ್ವ ಬಾಗಿಲಿಗೆ ಅಡ್ಡ ಬಂದಳು. “ಅಲ್ಲಿ ಹೋಗಿ ಕೊರೋನಾ ತರೂದೇನ ಬೇ? ಸಕ್ಕರಿ ಬ್ಯಾನಿ ಮುದುಕರಿಗೆ. ನಮ್ಮ ಮನಿತನದಾಗ ಯಾರಿಗೂ ಇಲ್ಲ.”

“ಬಸುರಾದಾಗ ಬರೂ ಸಕ್ಕರಿ ಬ್ಯಾರೇನ ಐತ್ರಿ ಕಾಕು. ಕೊರೋನಾ ಬಂದಾಗಿಂದ ಭಾಳ ಕಡೆ ಹೆಚ್ಚಾಗೈತಿ ಅಂತ ಡಾಕ್ಟರು ಹೇಳಾಕತ್ತಾರ.”

“ಕೊರೋನಾಕ್ಕೂ ಸಕ್ಕರಿಗೂ ಏನ್ ಸಂಬಂಧ?”

“ಮಂದಿ ಮನ್ಯಾಗ ಕುಂತಾರ. ಓಡಾಟಿಲ್ಲ, ನಿದ್ದಿ ನೆಟ್ಟಗಿಲ್ಲ, ಎದ್ಯಾಗ ಚಿಂತಿ, ಬಾಯಾಗ ಸಿಹಿ. ಮ್ಯಾಲ ಅಂಜಿ ತಪಾಸಣಿನೂ ಬಿಟ್ರ, ಬಂದದ್ದು ಗೊತ್ತಾಗೂದ ಇಲ್ಲ. ಹೆಚ್ಚಿನವರಿಗೆ ಯಾವ ತ್ರಾಸೂ ಕಾಣೂದಿಲ್ರಿ.”

“ತ್ರಾಸ ಇಲ್ಲಂದ್ರ ಬಿಡು, ಏನಾಕ್ಕೈತಿ?”

“ತಾಯಿ ರಕ್ತದಾಗಿನ ಸಕ್ಕರಿ ಕೂಸಿಗೂ ಹೋಗತೈತ್ರಿ. ಕೂಸು ಅಳತಿ ಮೀರಿ ಬೆಳೀತೈತಿ, ಹೆರಿಗಿ ಕಷ್ಟ ಆಕ್ಕೈತಿ. ಹುಟ್ಟಿದ ಮ್ಯಾಲ ಕೂಸಿನ ಸಕ್ಕರಿ ಒಮ್ಮೆಲೆ ಇಳಿಬಹುದು. ಲಗೂನ ನೋಡ್ಲಿಲ್ಲಂದ್ರ ಜೀವಕ್ಕ ಅಪಾಯ.”

ಕಸ್ತೂರೆವ್ವ ಬಾಗಿಲು ಬಿಟ್ಟು ಸರಿದಳು. ಕಟ್ಟೆಯ ಮೇಲೆ ಕುಳಿತಳು. ಅವಳ ನೋಟ ಕಬ್ಬಿನಾಚೆ ಎಲ್ಲೋ ಹೋಗಿ ನಿಂತಿತು.

“ನನ್ನ ಚೊಚ್ಚಲ ಕೂಸು,” ಎಂದಳು ಮೆಲ್ಲಗೆ. “ಅಂಥಾ ದೊಡ್ಡ ಕೂಸು ಓಣ್ಯಾಗ ಯಾರೂ ಕಂಡಿರ್ಲಿಲ್ಲ. ಮರುದಿನ ಮುಂಜಾನಿ ಕೈಕಾಲ ನಡುಗಿ ತಣ್ಣಗಾತು. ಮಂದಿ ದೃಷ್ಟಿ ಆತು ಅಂದ್ರು.”

ಸೊಸೆಯಾಗಿ ಬಂದು ಮೂರು ವರ್ಷವಾದರೂ ದೀಪಾಲಿ ಈ ಕೂಸಿನ ಸುದ್ದಿ ಕೇಳಿರಲಿಲ್ಲ. ಹೊರಬಂದು ಅತ್ತೆಯ ಪಕ್ಕ ಕುಳಿತಳು.

“ಅದಕ್ಕೂ ಸಕ್ಕರೀನ ಆಗಿತ್ತೇನವಾ?” ಕಸ್ತೂರೆವ್ವ ಮನೀಷಾಳನ್ನು ಕೇಳಿದಳು.

“ಗೊತ್ತಿಲ್ರಿ ಕಾಕು. ಆಗ ಯಾರೂ ನೋಡ್ಲಿಲ್ಲ. ಈಗ ನೋಡಾಕ ಬರತೈತಿ.”

ಮರುದಿನ ಕಸ್ತೂರೆವ್ವನೇ ಸೊಸೆಯ ಕೈ ಹಿಡಿದು ಹೊರಟಳು. ಇಬ್ಬರೂ ಮಾಸ್ಕ್ ಹಾಕಿದ್ದರು. ಎರಡೂ ಕಡೆ ಕಬ್ಬು, ನಡುವೆ ತಣ್ಣನೆಯ ದಾರಿ. ಎಷ್ಟೋ ದಿನಗಳ ಮೇಲೆ ನಡೆಯುತ್ತಿದ್ದ ದೀಪಾಲಿಗೆ ನೆಲ ತೇಲಿದಂತೆ ಅನಿಸಿತು. ದವಾಖಾನೆಯಲ್ಲಿ ಗ್ಲುಕೋಸ್ ನೀರು ಕುಡಿಸಿ, ಎರಡು ತಾಸು ಬೇವಿನ ನೆರಳಲ್ಲಿ ಕೂರಿಸಿ, ರಕ್ತ ತೆಗೆದರು. ನೂರಾ ನಲವತ್ತರೊಳಗೆ ಇರಬೇಕಾದ ಸಕ್ಕರೆ ನೂರಾ ಎಪ್ಪತ್ತೆರಡು ಇತ್ತು.

ದೀಪಾಲಿ ಅತ್ತಳು. “ಅಳಬ್ಯಾಡವಾ, ವ್ಯಾಳ್ಯಾಕ್ಕ ಬಂದಿ,” ಎಂದರು ಡಾಕ್ಟರು. “ಮೊದ್ಲ ಊಟ ಬದಲ ಮಾಡು, ಅಡ್ಡಾಡು. ಅದಕ್ಕೂ ಇಳೀಲಿಲ್ಲಂದ್ರ ಔಷಧ ಕೊಡತೀವಿ.”

ಅಂದಿನಿಂದ ಕಸ್ತೂರೆವ್ವನ ಒಲೆಯೇ ಬದಲಾಯಿತು. ರೊಟ್ಟಿ, ಮೆಂತ್ಯದ ಪಲ್ಯ, ಮೊಳಕೆ ಹೆಸರು, ಮಜ್ಜಿಗೆ. ಒಮ್ಮೆಲೆ ತುಂಬ ಅಲ್ಲ, ಸ್ವಲ್ಪ ಸ್ವಲ್ಪ. ಉಂಡ ಮೇಲೆ ಗಂಡ ಸಂಜಯನ ಜೊತೆ ಬದುವಿನ ಮೇಲೆ ನಡಿಗೆ. ಎರಡು ವಾರಕ್ಕೆ ಊಟದ ನಂತರದ ಸಕ್ಕರೆ ನೂರಾ ಹದಿನಾರಕ್ಕೆ ಇಳಿದಿತ್ತು; ದೀಪಾಲಿಯ ನೀರಡಿಕೆಯೂ ತಗ್ಗಿತ್ತು.

ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಹೆಣ್ಣು ಕೂಸು ಹುಟ್ಟಿತು. ಮೂರು ಕಿಲೋ ತೂಕ. ನರ್ಸಬಾಯಿ ಕೂಸಿನ ಹಿಮ್ಮಡಿಯಿಂದ ಒಂದು ಹನಿ ರಕ್ತ ತೆಗೆದು ಸಕ್ಕರೆ ನೋಡುವವರೆಗೂ ಕಸ್ತೂರೆವ್ವ ಗೋಡೆ ಹಿಡಿದು ನಿಂತಿದ್ದಳು.

“ಬರೋಬ್ಬರಿ ಐತ್ರಿ ಅಜ್ಜಿ!”

ಕಸ್ತೂರೆವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ಕೂಸನ್ನು ಎತ್ತಿಕೊಂಡಳು.

ಅಕ್ಕಂದಿರೇ, ತಾಯಂದಿರೇ, ನಿಮ್ಮ ಮನೆಯಲ್ಲಿ ಬಸುರಿ ಇದ್ದಾಳೆಯೇ? ಮೊದಲ ಭೇಟಿಯಲ್ಲೂ, ಮತ್ತೆ ಆರನೆಯ ತಿಂಗಳಲ್ಲೂ ಸಕ್ಕರೆ ನೋಡಿಸಿ. ಸಕ್ಕರೆ ಬಂದಿದ್ದರೆ ಹೆರಿಗೆಯಾದ ಆರು ವಾರಕ್ಕೆ ಇನ್ನೊಮ್ಮೆ ನೋಡಿಸಿ. ಕೊರೋನಾದಂಥ ರೋಗ ಬಂದು ಊರೇ ಬಾಗಿಲು ಹಾಕಿಕೊಂಡರೂ ಬಸುರಿಯ ತಪಾಸಣೆ ನಿಲ್ಲಬಾರದು. ನಾಳೆ ಎನ್ನಬೇಡಿ; ಇವತ್ತೇ ನಿಮ್ಮ ಓಣಿಯ ಆಶಾ ಕಾರ್ಯಕರ್ತೆಯನ್ನು ಕರೆದು ಕೇಳಿ.