ಮುಂದಿನ ಫ್ರೀವೀಲಿಗೆ ಚೆಂಡುಹೂವಿನ ಸರ

ನಮ್ಮ ಮನೆಯಲ್ಲಿ 2006ರ ನವರಾತ್ರಿ, ಹಬ್ಬಕ್ಕೆ ವಾರವಿರುವಾಗಲೇ, ಜಗಳದಿಂದ ಶುರುವಾಯಿತು. ಜಗಳ ಮುಷ್ಟಿ ಗಾತ್ರದ ಒಂದು ಕಬ್ಬಿಣದ ಬಿಲ್ಲೆಯದ್ದು. ಅದು ಸೈಕಲ್ಲಿನ ಹಿಂದೆ ಇರಬೇಕು ಅಂತ ನಾನು, ಮುಂದೆ ಇರಬೇಕು ಅಂತ ನನ್ನ ಮಗಳು ಮೃಣಾಲಿನಿ. ನಮ್ಮ ಮನೆಯವರು ಪಾಂಡುರಂಗರಾಯರು ಈ ಮರಾಠಿ ಊರಿನ ಬ್ಯಾಂಕಿನಲ್ಲಿದ್ದಾರೆ. ಯಾರು ಬಂದು ಏನು ಹೇಳಿದರೂ "ಅದೂ ಬರೋಬರ್ ಅದ" ಅನ್ನುವ ಸ್ವಭಾವ. ಅವರನ್ನು ನಂಬಿಕೊಂಡು ಜಗಳ ಗೆಲ್ಲಲು ಆಗುವುದಿಲ್ಲ.

ಆ ಬಿಲ್ಲೆಯ ಹೆಸರು ಫ್ರೀವೀಲ್. ನಮ್ಮ ನಿಮ್ಮ ಸೈಕಲ್ಲಿನಲ್ಲಿ ಅದು ಹಿಂದಿನ ಗಾಲಿಯಲ್ಲಿರುತ್ತದೆ. ಇಳಿಜಾರಿನಲ್ಲಿ ತುಳಿಯುವುದನ್ನು ನಿಲ್ಲಿಸಿದರೆ ಗಾಲಿ ಟಿಕ್ ಟಿಕ್ ಅನ್ನುತ್ತ ಓಡುತ್ತದೆ, ಚೈನು ಸುಮ್ಮನೆ ನಿಂತಿರುತ್ತದೆ. ಮೃಣಾಲಿನಿ ಅದನ್ನು ಕಿತ್ತು ಪೆಡಲಿನ ಹತ್ತಿರ ಕೂರಿಸಬೇಕು ಅನ್ನುತ್ತಿದ್ದಳು. ಹಾಗೆ ಮಾಡಿದರೆ ಕಾಲು ನಿಂತರೂ ಚೈನು ನಿಲ್ಲುವುದಿಲ್ಲ. ಗಾಲಿ ತಿರುಗುವಷ್ಟು ಹೊತ್ತೂ ಅದರ ಜೊತೆ ತಾನೂ ಓಡುತ್ತಲೇ ಇರುತ್ತದೆ.

ಅವಳ ಸೈಕಲ್ಲು ಟ್ರಯಲ್ಸ್ ಸೈಕಲ್ಲು. ಅದಕ್ಕೆ ಸೀಟೇ ಇಲ್ಲ. ನಿಂತುಕೊಂಡೇ ಕಲ್ಲು, ಕಟ್ಟೆ, ಸಿಮೆಂಟ್ ಪೈಪು ಎಲ್ಲದರ ಮೇಲೂ ಕುಪ್ಪಳಿಸಿ ಹತ್ತಬೇಕು. ಕಾಲು ನೆಲಕ್ಕೆ ತಾಗಿದರೆ ಒಂದು ಅಂಕ ದಂಡ. ಹಿಂದಿನ ವರ್ಷ ಊರಂಚಿನ ಅಂಬಾಝರಿ ಕೆರೆ ಕಡೆಯ ಮೈದಾನದಲ್ಲಿ ನಡೆದ ಆಯ್ಕೆಯಲ್ಲಿ ಕೊನೆಯ ಪೈಪಿನ ಅಂಚಿಗೆ ಪೆಡಲ್ ಬಳಿಯ ಹಲ್ಲುಚಕ್ರ ಬಡಿದು ಇವಳು ಕಾಲು ಊರಿದಳು. ಒಂದೇ ಅಂಕದಲ್ಲಿ ಪುಣೆಗೆ ಹೋಗುವ ತಂಡ ತಪ್ಪಿತು. ಹುಡುಗಿಯರಿಗೆ ಇದ್ದದ್ದು ಒಂದೇ ಜಾಗ. ಮೂರು ದಿನ ಊಟದ ತಟ್ಟೆಯ ಮುಂದೆ ಕೂತು ಅನ್ನ ಕೆದಕುತ್ತಿದ್ದಳು. ನನಗೆ ಕರುಳು ಚುರ್ ಅಂದರೂ ಬೈಗುಳವೇ ಬಾಯಿಗೆ ಬಂತು. ನಾನು ಹಾಗೇ.

"ಹಿಂದಿನ ಫ್ರೀವೀಲಿಗೆ ಹದಿನಾರು ಹಲ್ಲಿಗಿಂತ ಕಡಿಮಿ ಸಿಗೂದಿಲ್ಲಮ್ಮಾ," ಅಂತ ಅವಳು ಎಂಟು ದಿನ ವಾದಿಸಿದಳು. "ಹಿಂದ ದೊಡ್ಡದಿದ್ರ ಮುಂದಿಂದು ಇನ್ನೂ ದೊಡ್ಡದು ಬೇಕು. ಅದs ಹೋಗಿ ಪೈಪಿಗೆ ಬಡೀತದ. ಫ್ರೀವೀಲ್ ಮುಂದ ಬಂದ್ರ ಹಿಂದ ಹನ್ನೆರಡು ಹಲ್ಲಿಂದು ಸಾಕು, ಮುಂದಿಂದೂ ಸಣ್ಣದಾಗ್ತದ. ಸಿಂಪಲ್ ಹೈ ನಾ?"

ಚಾರುಲತಾ ಅಂತ, ಈ ಆಟ ಬಿಟ್ಟ ಪುಣೆಯ ಅವಳ ಗೆಳತಿಯೊಬ್ಬಳು ಮುಂದಿನ ಫ್ರೀವೀಲಿನ ಸಾಮಾನನ್ನೆಲ್ಲ ಗಾಲಿ ಸಮೇತ ಪಾರ್ಸೆಲ್ ಕಳಿಸಿಬಿಟ್ಟಿದ್ದಳು. ಅದು ವರಾಂಡದಲ್ಲಿ ನನ್ನನ್ನೇ ದಿಟ್ಟಿಸುತ್ತ ಕೂತಿತ್ತು.

ನನ್ನ ಭಯಕ್ಕೆ ಒಂದು ಕಾರಣವಿತ್ತು. ಹದಿಮೂರನೆಯ ವಯಸ್ಸಿನಲ್ಲಿ ಧಾರವಾಡದಲ್ಲಿ ಅಣ್ಣನ ಸೈಕಲ್ ಕಲಿಯುತ್ತಿದ್ದೆ. ಒಂದು ದಿನ ಲಂಗ ಚೈನಿಗೆ ಸಿಕ್ಕಿ ಬಿದ್ದೆ. ಮೊಣಕಾಲು ತರಚಿತು, ಅಷ್ಟೆ. ಅಪ್ಪ ಬೈಯಲಿಲ್ಲ, ಹೊಡೆಯಲಿಲ್ಲ. "ನಾ ಮೊದಲs ಹೇಳಿದ್ದೆ" ಅಂದು ಸೈಕಲ್ಲನ್ನು ಅಟ್ಟಕ್ಕೆ ಏರಿಸಿದರು. ಅದು ಮತ್ತೆ ಇಳಿಯಲಿಲ್ಲ, ನಾನು ಮತ್ತೆ ಹತ್ತಲಿಲ್ಲ. ಕಾಲು ನಿಂತಾಗಲೂ ನಿಲ್ಲದ ಚೈನು ಅಂದರೆ ನಾನು ಬೇಡವೇ ಬೇಡ ಅನ್ನುವುದು ಅದಕ್ಕೇ.

ನನ್ನ ಕಡೆ ಒಬ್ಬ ವಕೀಲ ಬೇಕಾಗಿತ್ತು. ಸದರ್‌ನಲ್ಲಿ ಪೇಟೆಯ ನಡುವೆ ಸೈಕಲ್ ಅಂಗಡಿ ಇಟ್ಟಿರುವ ರುದ್ರಪ್ಪ ನಮ್ಮ ಕಡೆಯವನು, ರಾಣೆಬೆನ್ನೂರಿನವನು. ಮೂವತ್ತು ವರ್ಷದಿಂದ ಗಾಲಿ ಎತ್ತಿ ತಿರುಗಿಸಿ, ಟಿಕ್ ಟಿಕ್ ಕೇಳಿಯೇ ರೋಗ ಹೇಳುತ್ತಾನೆ.

"ಫ್ರೀವೀಲ್ ಹಿಂದ ಇರಾಕs ಹುಟ್ಟೈತ್ರಿ ಅಕ್ಕಾರ," ಅಂದ ಅವನು. "ಮುಂದ ಹಾಕೂದು ಅಂದ್ರ ಚಪ್ಪಲಿ ತಲಿಗೆ ಹಾಕ್ಕೊಂಡಂಗ."

ಗೆದ್ದೆ ಅಂದುಕೊಂಡೆ. ಆದರೆ ಅವನು ಗಡ್ಡ ಕೆರೆಯುತ್ತ, "ಆದ್ರ ನಿಮ್ಮ ಪಾಪಾಗ ಕಲ್ಲಿನ ಮ್ಯಾಲ ಕುಣಿಯೂದೈತಿ, ರಸ್ತಾದಾಗ ಓಡೂದಿಲ್ಲ. ಎರಡೂ ಹಾಕಿ ನೋಡೂಣು ಬಿಡ್ರಿ" ಅಂದ. ಕೂಲಿಗೆ ತಂದ ವಕೀಲ ಹೀಗೇ ಕೈಕೊಡುವುದು.

ನವರಾತ್ರಿಯ ಮೊದಲ ದಿನ, ಶನಿವಾರವೇ, ನಮ್ಮ ಕಾಲೊನಿಯ ಹಿಂದೆ ಇಟ್ಟಿಗೆ ಜೋಡಿಸಿ ಅದರ ಮೇಲೆ ಕಲ್ಲು ಚಪ್ಪಡಿ ಇಟ್ಟೆವು. ಬೆಳಿಗ್ಗೆ ಹಿಂದಿನ ಫ್ರೀವೀಲಿನಲ್ಲಿ ಹತ್ತು ಸಲ, ರುದ್ರಪ್ಪ ಬದಲಿಸಿಕೊಟ್ಟ ಮೇಲೆ ಸಂಜೆ ಮುಂದಿನದರಲ್ಲಿ ಹತ್ತು ಸಲ. ಎಣಿಸುವ ಕೆಲಸ ನನ್ನದು. ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದೇನೆ, ಇನ್ನೊಬ್ಬರ ಎಣಿಕೆಯನ್ನು ನಾನು ನಂಬುವುದಿಲ್ಲ. ಹಿಂದಿನದರಲ್ಲಿ ಹತ್ತಕ್ಕೆ ಏಳು ಸಲ ಹಲ್ಲುಚಕ್ರ ಕಲ್ಲಿಗೆ ಬಡಿಯಿತು. ಮುಂದಿನದರಲ್ಲಿ ಒಂದು ಸಲ. ಒಂದನ್ನು ಎರಡು ಅಂತ ಬರೆದುಕೊಳ್ಳುವ ಕೈ ನನ್ನದಲ್ಲ, ಹಾಗಾಗಿ ಒಂದನ್ನು ಒಂದೇ ಅಂತ ಬರೆದೆ.

"ಮುಂದ ಇರ್ಲಿ," ಅಂದೆ. "ಆದ್ರ ಆ ಚೈನಿನ ಹತ್ರ ಬಟ್ಟಿ, ದಾರ, ಬೂಟಿನ ಲೇಸು ಏನೂ ಬರಬಾರದು. ಕಾಲು ನಿಂತ್ರೂ ಅದು ಓಡ್ತಿರ್ತದ. ನೆನಪಿರ್ಲಿ."

ಇದನ್ನು ಮಗಳಿಗೆ ದಿನಕ್ಕೆ ಮೂರು ಸಲ ಹೇಳಿದೆ. ರಾಯರಿಗೂ ಹೇಳಿದೆ. ಅವರು "ಬರೋಬರ್ ಅದ" ಅಂದರು.

ಆ ವರ್ಷದ ಆಯ್ಕೆ ನಡೆದದ್ದು ನವರಾತ್ರಿಯ ಕೊನೆಯ ಭಾನುವಾರ, ಅವತ್ತೇ ಖಂಡೇನವಮಿ. ಆಯುಧಪೂಜೆ ಬಿಟ್ಟು ಮನೆಯಿಂದ ಗಾಲಿ ಹೊರಡುವುದು ನಮ್ಮಲ್ಲಿ ಇಲ್ಲ. ಐದು ಗಂಟೆಗೇ ಎದ್ದು ಸ್ಕೂಟರಿಗೆ, ಈಳಿಗೆಮಣೆಗೆ, ನನ್ನ ಜ್ಯಾಮಿಟ್ರಿ ಡಬ್ಬಿಗೆ ಕುಂಕುಮ ಹಚ್ಚಿದೆ. ಸೀತಾಬರ್ಡಿ ಮಾರುಕಟ್ಟೆಯಿಂದ ತಂದ ಚೆಂಡುಹೂವಿನ ಸರ ನೈಲಾನ್ ದಾರದ್ದು. ಸೈಕಲ್ಲಿನ ಹ್ಯಾಂಡಲ್ಲಿಗೆ ಒಂದು ಕಟ್ಟಿದೆ. ಇನ್ನೊಂದನ್ನು ಸೀಟಿಗೆ ಹಾಕುವುದು ರೂಢಿ. ಸೀಟೇ ಇಲ್ಲದ ಸೈಕಲ್ಲಿಗೆ ಎಲ್ಲಿ ಹಾಕುವುದು? ಹಿಂದಿನ ಗಾಲಿಯ ಪಕ್ಕದ ಕೊಳವೆಗೆ, ಚೈನಿನ ಮೇಲ್ಗಡೆ, ಅಂದವಾಗಿ ಸುತ್ತಿದೆ. ಯಾರೂ ತುಳಿಯದಿದ್ದರೆ ಚೈನಿಗೇನು ಕೆಲಸ ಅನ್ನುವುದು ಹಳೆಯ ಸೈಕಲ್ಲುಗಳಿಂದ ಕೈಗೆ ಅಂಟಿದ್ದ ತಿಳುವಳಿಕೆ. ಗಾಲಿಯ ಕೆಳಗೆ ನಿಂಬೆಹಣ್ಣಿಟ್ಟು, ಆರತಿ ಮುಗಿಸಿ, "ನಾರಾಯಣ" ಅಂತ ನಾನೇ ಸೈಕಲ್ಲನ್ನು ಮುಂದಕ್ಕೆ ತಳ್ಳಿದೆ.

ನಿಂಬೆಹಣ್ಣು ಪಚ್ ಅಂತು. ಅದರ ಹಿಂದೆಯೇ ಕರಕರ ಅಂತ ಇನ್ನೊಂದು ಸದ್ದು ಬಂದು ಗಾಲಿ ಗಕ್ಕನೆ ನಿಂತಿತು. ನೋಡಿದರೆ ಚೈನು ನನ್ನ ಸರವನ್ನು ಅರ್ಧ ನುಂಗಿಬಿಟ್ಟಿತ್ತು. ಹೂವು ಅರೆದುಹೋಗಿ ದಾರವೆಲ್ಲ ಹಿಂದಿನ ಸಣ್ಣ ಹಲ್ಲುಚಕ್ರದ ಸಂದಿಗೆ ಬಿಗಿಯಾಗಿ ಸುತ್ತಿಕೊಂಡಿತ್ತು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಹೋಗಿ ಕಲಗಚ್ಚಿನ ಬಾನಿಯೊಳಗೆ ಬಿತ್ತಂತೆ.

ಆಗ ಆರೂವರೆ. ಮೈದಾನದಲ್ಲಿ ಎಂಟಕ್ಕೆ ಹಾಜರಿ. ರುದ್ರಪ್ಪ ಹಬ್ಬಕ್ಕೆ ಊರಿಗೆ ಹೋಗಿದ್ದ.

ನನಗೆ ನಾಚಿಕೆಯಾಯಿತು. ನಾಚಿಕೆಯಾದಾಗ ನನಗೆ ಸಿಟ್ಟು ಬರುತ್ತದೆ. ಪೂಜೆಯ ಹೊತ್ತಿಗೇ ಹೀಗಾಯಿತಲ್ಲ, ಈ ಮುಂದಿನ ಫ್ರೀವೀಲೇ ಬೇಡವಾಗಿತ್ತು, ಸುಮ್ಮನೆ ಮನೆಯಲ್ಲಿರು ಅಂತ ಹೇಳಲು ಬಾಯಿ ತೆರೆದೆ. "ನಾ ಮೊದಲs" ಅನ್ನುವವರೆಗೆ ಮಾತು ಹೊರಗೆ ಬಂದೂ ಬಂತು.

ಮೃಣಾಲಿನಿ ಗಾಲಿಯ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದಳು. ನನ್ನನ್ನು ಬೈಯಲಿಲ್ಲ. "ಅಮ್ಮಾ, ಹೋಗಬ್ಯಾಡ ಅಂತ ಮಾತ್ರ ಹೇಳಬ್ಯಾಡ" ಅಂದಳು, ಬಹಳ ಮೆಲ್ಲಗೆ.

ಧಾರವಾಡದ ಅಟ್ಟ ಕಣ್ಣಿಗೆ ಕಟ್ಟಿತು. ನನಗೆ ಆವತ್ತು ಹೀಗೆ ಹೇಳಲು ಧೈರ್ಯವಿರಲಿಲ್ಲ. ಅಪ್ಪನ ಮಾತನ್ನೇ ನಾನು ಆಡಲು ಹೊರಟಿದ್ದೆ ಅಂತ ಆಗ ಗೊತ್ತಾಯಿತು.

"ನಾ ಮೊದಲs ಪಿನ್ ತಗೊಂಡು ಬರಬೇಕಿತ್ತು," ಅಂದೆ. ಮಂಗಳಸೂತ್ರಕ್ಕೆ ಸಿಕ್ಕಿಸಿಕೊಂಡಿದ್ದ ಪಿನ್ನನ್ನು ಬಿಚ್ಚಿ ನೆಲಕ್ಕೆ ಕೂತೆ. "ಸೈಕಲ್ ಡಬ್ಬಾಕು. ಗಾಲಿ ಹಿಂದಕ್ಕ ತಿರುವು, ಹಳೂಕ."

ಅವಳು ಸೈಕಲ್ಲನ್ನು ತಲೆಕೆಳಗು ಮಾಡಿ ಗಾಲಿಯನ್ನು ಒಂದೊಂದೇ ಬೆರಳಿನಷ್ಟು ಹಿಂದಕ್ಕೆ ತಿರುಗಿಸಿದಳು. ನಾನು ಪಿನ್ನಿನ ತುದಿಯಿಂದ ದಾರದ ಎಳೆ ಹಿಡಿದು ಬಿಡಿಸುತ್ತ ಹೋದೆ. ರೇಷ್ಮೆ ಸೀರೆಯ ಮಡಿಲೆಲ್ಲ ಚೈನಿನ ಎಣ್ಣೆ. ರಾಯರು ಟಾರ್ಚು ಹಿಡಿದು ನಿಂತಿದ್ದರು. "ಅಲ್ಲಿ ಇನ್ನೊಂದು ಎಳಿ ಅದ, ಎಡಕ್ಕ" ಅಂತ ಸ್ಪಷ್ಟವಾಗಿ ಒಂದು ಅಭಿಪ್ರಾಯ ಕೊಟ್ಟರು, ಮದುವೆಯಾದ ಮೇಲೆ ಮೊದಲ ಸಲ. ಏಳು ಗಂಟೆ ಇಪ್ಪತ್ತು ನಿಮಿಷಕ್ಕೆ ಕೊನೆಯ ತುಂಡು ಬಂತು, ಗಾಲಿ ಸಲೀಸಾಗಿ ತಿರುಗಿತು.

ಮೈದಾನದಲ್ಲಿ ನಾನು ಬೇಲಿಯ ಕಂಬ ಹಿಡಿದು ನಿಂತೆ. ಕಲ್ಲುಗಳ ಸಾಲಿನಲ್ಲಿ ಮೃಣಾಲಿನಿ ಒಂದು ಸಲ ಕಾಲು ಊರಿದಳು. ಅವಳಿಗಿಂತ ಮುಂಚೆ ಆಡಿದ ಹುಡುಗಿಯರಲ್ಲಿ ಎಲ್ಲರಿಗಿಂತ ಮುಂದಿದ್ದ ಕಾಮಠಿಯ ಯಶಿಕಾ ಒಟ್ಟು ಎರಡು ಸಲ ಊರಿದ್ದಳು. ಇನ್ನು ಉಳಿದದ್ದು ಕೊನೆಯ ಪೈಪು, ಹೋದ ವರ್ಷದ್ದೇ. ಅದರ ಮುಂದೆ ಮಗಳು ಸೈಕಲ್ ನಿಲ್ಲಿಸಿ ಇದ್ದಲ್ಲೇ ಎರಡು ಸಲ ಕುಪ್ಪಳಿಸಿದಳು. ಮೂರನೆಯದಕ್ಕೆ ಹಿಂದಿನ ಗಾಲಿಯ ಮೇಲೆ ಎದ್ದು ಹಾರಿದಳು. ಬಡಿಯುವ ಸದ್ದಿಗಾಗಿ ನಾನು ಕಿವಿ ಕೊಟ್ಟಿದ್ದೆ. ಸದ್ದು ಬರಲಿಲ್ಲ. ಪೈಪಿನ ಮೇಲೆ ನಿಂತಳು, ಆಚೆ ಇಳಿದಳು. ಚೈನಿನಿಂದ ಎರಡು ಚೆಂಡುಹೂವಿನ ಎಸಳು ಉದುರಿದ್ದನ್ನು ನೋಡಿ ತೀರ್ಪುಗಾರರು ಮುಖ ಮುಖ ನೋಡಿಕೊಂಡರು. ನಾನು ಅತ್ತೆ. ಪಕ್ಕದಲ್ಲಿದ್ದ ಮರಾಠಿ ಹೆಂಗಸಿಗೆ ಕಣ್ಣಿಗೆ ಧೂಳು ಬಿತ್ತು ಅಂತ ಸುಳ್ಳು ಹೇಳಲೂ ಇಲ್ಲ.

ಪುಣೆಯ ಜಾಗ ಅವಳದ್ದಾಯಿತು.

ದಸರೆ ಮುಗಿಸಿಕೊಂಡು ರುದ್ರಪ್ಪ ಬಂದ ಮೇಲೆ ನಾನೊಬ್ಬಳೇ ಸದರ್‌ಗೆ ಹೋದೆ. ಲೇಡೀಸ್ ಸೈಕಲ್ಲೊಂದನ್ನು ತೋರಿಸಿ ನನ್ನ ಎತ್ತರಕ್ಕೆ ಸೀಟು ಇಳಿಸು ಅಂದೆ. ಅವನು ನನ್ನನ್ನೂ ಸೈಕಲ್ಲನ್ನೂ ಎರಡೆರಡು ಸಲ ನೋಡಿದ.

"ಫ್ರೀವೀಲ್ ಹಿಂದs ಇರ್ಲೋ, ಮುಂದ ಹಾಕ್ಲ್ಯೋ ಅಕ್ಕಾರ?"

"ಹಿಂದs ಇರ್ಲಿ. ನಾ ಏನು ಪೈಪು ಹತ್ತಾಕಿ ಅಲ್ಲ."

"ಚೈನಿಗೆ ಕವರ್ ಹಾಕ್ತೀನ್ರಿ. ಸೀರಿ ಸಿಗಬಾರದು."

"ಹಾಕು. ಸಿಕ್ಕ್ರೂ ಸೀರಿ ಹರೀಲಿ ರುದ್ರಪ್ಪ," ಅಂದೆ. "ಸೈಕಲ್ ಮಾತ್ರ ಅಟ್ಟಾ ಹತ್ತಬಾರದು."