ಹಿಟ್ಟಿನ ಜಿಗಿ

ಆ ಗುರುವಾರ ಬೆಳಗಿನಿಂದ ಮುನಿತಾಯಮ್ಮ ನಾಲ್ಕು ಸಲ ಒಳಕೋಣೆಗೆ ಹೋಗಿ ನಾಲ್ಕು ಸಲ ಹಿಂದಿರುಗಿದ್ದಳು. ಹೋದಾಗಲೆಲ್ಲ ಡ್ರಮ್ಮಿನ ಮುಚ್ಚಳ ಸರಿಸಿ, ಜೋಳದ ಹಿಟ್ಟನ್ನು ಚಿಟಿಕೆಯಷ್ಟು ತೆಗೆದು ಎರಡು ಬೆರಳುಗಳ ನಡುವೆ ಉಜ್ಜಿ ನೋಡುವಳು. ಅದು ನಿನ್ನೆಯಂತೆಯೇ ಸುಣ್ಣದ ಪುಡಿಯ ಹಾಗೆ ಸಡಿಲವಾಗಿ ಉದುರಿಹೋಗುವುದು. ಮೂಸಿದಳು. ಮುಗ್ಗು ಹಿಡಿದಿರಲಿಲ್ಲ, ಹುಳು ಬಿದ್ದಿರಲಿಲ್ಲ. ಕಣ್ಣಿಗೆ ಯಾವ ದೋಷವೂ ಕಾಣದ ಆ ಬಿಳುಪನ್ನು ಮತ್ತೆ ಮುಚ್ಚಿಟ್ಟಳು. ಹಜಾರದಿಂದ ರೊಟ್ಟಿ ಬಡಿಯುವ ಸದ್ದು ಕೇಳಿಬರುತ್ತಿತ್ತು. ಎಂಟು ಹತ್ತು ಪೆಟ್ಟು, ಆಮೇಲೆ ಒಂದು ನಿಲುಗಡೆ. ಆ ನಿಲುಗಡೆಯ ಅರ್ಥ ಅವಳಿಗೆ ಗೊತ್ತಿತ್ತು. ಇನ್ನೊಂದು ರೊಟ್ಟಿಯ ಅಂಚು ಬಿರಿದಿತ್ತು.

ಗೋವಿಂದರಾಜನಗರದ ಆ ಮನೆಯ ಹಜಾರದಲ್ಲಿ ಎರಡು ವರ್ಷಗಳಿಂದ ಖಡಕ್ ರೊಟ್ಟಿಯ ವ್ಯಾಪಾರ ನಡೆದಿತ್ತು. ಅದನ್ನು ನಡೆಸುತ್ತಿದ್ದವರು ನಾಲ್ವರು. ಕೊಪ್ಪಳದ ಕಡೆಯಿಂದ ಬಂದು ಹಿಂದಿನ ಬೀದಿಯಲ್ಲಿ ಬಾಡಿಗೆಗಿದ್ದ ಕಸ್ತೂರೆವ್ವ ಹಿಟ್ಟು ನಾದಿ ರೊಟ್ಟಿ ಬಡಿಯುವಳು. ಅವಳ ಅಕ್ಕನ ಮಗಳು ಚೇತನಾ ಹಂಚಿನ ಮುಂದೆ ಕುಳಿತು ಬೇಯಿಸಿ ಒಣಗಿಸುವಳು. ಅದೇ ಸೀಮೆಯ ಹನುಮೇಶ, ಮನೆಮನೆಗೆ ಊಟ ಮುಟ್ಟಿಸುವ ಕಂಪನಿಯ ಕೆಲಸ ಬಿಟ್ಟು ಬಂದವನು, ತನ್ನ ಸ್ಕೂಟರಿನಲ್ಲಿ ವಿಜಯನಗರದಿಂದ ಕೆಂಗೇರಿಯವರೆಗಿನ ಅಂಗಡಿಗಳಿಗೆ ರೊಟ್ಟಿ ತಲುಪಿಸುವನು. ಇಲ್ಲಿಯೇ ಹುಟ್ಟಿ ಬೆಳೆದ ಮುನಿತಾಯಮ್ಮನದು ಮನೆ. ಜೊತೆಗೆ ಕಾಳು ಹಸನುಮಾಡಿ ಬೀಸಿಸಿಕೊಂಡು ಬರುವ ಹೊಣೆ. ಬಂದದ್ದರಲ್ಲಿ ನಾಲ್ವರಿಗೂ ಸಮಪಾಲು. ಹಜಾರಕ್ಕೆ ಬಾಡಿಗೆ ಕೊಡುವ ಮಾತು ಬಂದಾಗ ಮುನಿತಾಯಮ್ಮನೇ ಬೇಡವೆಂದಿದ್ದಳು. ಬಾಡಿಗೆ ಮುಟ್ಟಿದರೆ ತಾನು ಮನೆಯೊಡತಿಯಾಗಿ ಉಳಿಯುತ್ತೇನೆ, ಜೊತೆಗಾತಿಯಾಗುವುದಿಲ್ಲ ಎಂಬ ಅಳುಕು ಅವಳದು.

ಯಜ್ಞಶಾಲೆಯಲ್ಲಿ ಒಬ್ಬ ಋತ್ವಿಜ ಮಂತ್ರ ಹೇಳುತ್ತಾನೆ, ಒಬ್ಬ ಹಾಡುತ್ತಾನೆ, ಒಬ್ಬ ಕೈಯಾರೆ ಹವಿಸ್ಸನ್ನು ಅಣಿಮಾಡುತ್ತಾನೆ. ನಾಲ್ಕನೆಯವನು ಅಗ್ನಿಯ ದಕ್ಷಿಣಕ್ಕೆ ಸುಮ್ಮನೆ ಕುಳಿತಿರುತ್ತಾನೆ. ಉಳಿದವರ ಕ್ರಿಯೆಯಲ್ಲಿ ಲೋಪ ಬಾರದಂತೆ ಕಾಯುವುದೇ ಅವನ ಕರ್ಮ. ಅವನ ಮೌನದ ಮೇಲೆ ಭರವಸೆಯಿಟ್ಟು ಮಿಕ್ಕ ಮೂವರು ಬೆಂಕಿಯತ್ತ ಮುಖಮಾಡುತ್ತಾರೆ. ಹಜಾರದ ತೆಂಕಣ ಮೂಲೆಯಲ್ಲಿ ಮಣೆ ಹಾಕಿಕೊಂಡು ಜೋಳದಲ್ಲಿ ಕಲ್ಲು ಆರಿಸುತ್ತಿದ್ದ ಮುನಿತಾಯಮ್ಮನದು ಅಂಥ ಸ್ಥಾನ. ಲೋಪವು ಆ ಸ್ಥಾನದಿಂದಲೇ ಹುಟ್ಟಬಹುದೆಂದು ಮಿಕ್ಕವರಿಗೆ ಹೊಳೆಯದೆ ಹೋದದ್ದರಲ್ಲಿ ಆಶ್ಚರ್ಯವಿಲ್ಲ.

ಮೊದಲ ದಿನವೇ ಕಸ್ತೂರೆವ್ವ ಒಂದು ನಿಯಮ ಹೇಳಿದ್ದಳು: ಹಿಟ್ಟು ಎರಡು ದಿನಕ್ಕೊಮ್ಮೆ ಬೀಸಿಸಬೇಕು. ದಿನ ಕಳೆದಂತೆ ಜೋಳದ ಹಿಟ್ಟು ಜಿಗಿ ಕಳೆದುಕೊಳ್ಳುತ್ತದೆ, ಎಷ್ಟು ಕುದಿಯುವ ಎಸರು ಹಾಕಿ ನಾದಿದರೂ ಕಣಕ್ಕೆ ಕಣ ಅಂಟುವುದಿಲ್ಲ. ಮುನಿತಾಯಮ್ಮ ಮೊದಮೊದಲು ಹಾಗೆಯೇ ನಡೆದುಕೊಂಡಳು. ಆದರೆ ರಾಗಿಯ ಮನೆಯಲ್ಲಿ ಬೆಳೆದವಳಿಗೆ ಇದೊಂದು ಅತಿ ಮಡಿಯಂತೆ ಕಂಡಿತು. ಅವಳ ತವರಿನಲ್ಲಿ ತಿಂಗಳ ರಾಗಿಯನ್ನು ಒಂದೇ ದಿನ ಬೀಸಿಸಿ ಗುಡಾಣಕ್ಕೆ ತುಂಬುತ್ತಿದ್ದರು, ಕೊನೆಯ ದಿನದ ಮುದ್ದೆಯೂ ಮೊದಲ ದಿನದ್ದರಂತೆಯೇ ನುಣುಪಾಗಿರುತ್ತಿತ್ತು. ಸಾಲದ್ದಕ್ಕೆ ಒಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ ಕಸ್ತೂರೆವ್ವ ಚೇಷ್ಟೆಗೆ ಚುಚ್ಚಿದಳು.

"ಅಕ್ಕಾರ, ಮುದ್ದಿ ಅಗಿಲಾರದ ನುಂಗೋರು ನೀವು. ನಿಮಗ ಹಿಟ್ಟಿನ ಮರ್ಮ ಹೆಂಗ ತಿಳೀಬೇಕ್ರೀ?"

ಎಲ್ಲರೂ ನಕ್ಕರು, ಮುನಿತಾಯಮ್ಮನೂ ನಕ್ಕಳು. ಮಾರನೆಯ ವಾರ ಮೂರು ಚೀಲ ಜೋಳವನ್ನು ಆಟೋದಲ್ಲಿ ಹಾಕಿಸಿಕೊಂಡು ಹೋಗಿ ಒಟ್ಟಿಗೇ ಬೀಸಿಸಿ ಒಳಕೋಣೆಯ ಡ್ರಮ್ಮುಗಳಿಗೆ ತುಂಬಿಸಿಬಿಟ್ಟಳು. ತಿಂಗಳು ತುಂಬಿದ ದಿನ ಮುಚ್ಚಳ ತೆರೆದು ತೋರಿಸಿ, ಇಷ್ಟು ದಿನ ನೀನು ಬಡಿದದ್ದು ಇದೇ ಹಿಟ್ಟು ಕಣವ್ವ ಎಂದು ನಗಬೇಕೆಂಬ ಹುಚ್ಚು ಹುರುಪು ಅವಳದು. ಅಲ್ಲಿಯವರೆಗೆ ಗುಟ್ಟು ಬಯಲಾಗದಂತೆ ದಿನಬಿಟ್ಟು ದಿನ ಸಾಯಂಕಾಲ ಚೀಲ ಹಿಡಿದು ಹೊರಡುವಳು. ಮಿಲ್ಲಿನ ದಾರಿಯಲ್ಲಿರುವ ಆಂಜನೇಯನ ಗುಡಿಯ ಜಗಲಿಯ ಮೇಲೆ ಅರ್ಧ ಗಂಟೆ ಕುಳಿತು, ಮಂಗಳಾರತಿ ತೆಗೆದುಕೊಂಡು, ಅದೇ ಖಾಲಿ ಚೀಲದೊಡನೆ ಹಿತ್ತಲ ಬಾಗಿಲಿನಿಂದ ಮನೆಗೆ ಬರುವಳು.

ಮೊದಲ ಎರಡು ವಾರ ಏನೂ ಆಗಲಿಲ್ಲ. ಮೂರನೆಯ ವಾರದಿಂದ ರೊಟ್ಟಿ ಬಿರಿಯತೊಡಗಿತು.

ಆಗಲೇ ಹೇಳಿಬಿಟ್ಟಿದ್ದರೆ ನಗೆಯಲ್ಲೇ ಮುಗಿಯುತ್ತಿತ್ತೇನೋ. ಕಸ್ತೂರೆವ್ವ ಹಿಟ್ಟನ್ನು ಅಂಗೈಯಲ್ಲಿ ಹಿಡಿದು ನೋಡಿ, "ಇದು ಹಳೇದೇನ್ರೀ ಅಕ್ಕಾರ?" ಎಂದು ಕೇಳಿದ್ದಳು. ಮುನಿತಾಯಮ್ಮನ ಬಾಯಿಂದ ಬಂದದ್ದು, "ನಿನ್ನೆ ಸಾಯಂಕಾಲ ಬೀಸ್ಸಿದ್ದು ಕಣವ್ವ." ಕಸ್ತೂರೆವ್ವ ಎಸರಿಗೆ ಹಿಟ್ಟು ಸುರಿದಳು.

ಅಲ್ಲಿಂದಾಚೆಗೆ ಒಬ್ಬೊಬ್ಬರೂ ತಪ್ಪನ್ನು ತಮ್ಮ ತಮ್ಮ ಮೇಲೆ ಎಳೆದುಕೊಂಡರು. ಮುನಿತಾಯಮ್ಮನಿಗೆ ನೋಡಲಾಗದೆ ಹೋದದ್ದು ಅದು. ಚೇತನಾ ಉರಿ ಹೆಚ್ಚಾಯಿತೆಂದು ಹಂಚನ್ನು ಮತ್ತೆ ಮತ್ತೆ ಸರಿಸಲು ಹೋಗಿ ಮಣಿಕಟ್ಟು ಸುಟ್ಟುಕೊಂಡಳು. ಒಡೆದ ರೊಟ್ಟಿಗಾಗಿ ಅಂಗಡಿಯವರಿಂದ ಬೈಸಿಕೊಂಡ ಹನುಮೇಶ, ಮೈಸೂರು ರಸ್ತೆಯ ಹಳ್ಳಗಳೇ ಕಾರಣವೆಂದು ತಿಳಿದು, ತಾನು ಹೊದೆಯುವ ಕಂಬಳಿಯನ್ನು ಪೆಟ್ಟಿಗೆಗೆ ಸುತ್ತಿ, ಬಾಪೂಜಿನಗರದ ಒಳಬೀದಿಗಳಲ್ಲಿ ನಡಿಗೆಯ ವೇಗದಲ್ಲಿ ಗಾಡಿ ನಡೆಸಿದ. ಕಸ್ತೂರೆವ್ವ ಹಿಟ್ಟನ್ನು ಮೊದಲಿಗಿಂತ ಇಮ್ಮಡಿ ಹೊತ್ತು ನಾದತೊಡಗಿದಳು. ಬಿಡುವಾದಾಗ ತನ್ನ ಎರಡೂ ಅಂಗೈಗಳನ್ನು ತೊಡೆಯ ಮೇಲೆ ಬಿಚ್ಚಿಟ್ಟುಕೊಂಡು ನೋಡುತ್ತ ಕೂರುವಳು. ಮುನಿತಾಯಮ್ಮನ ನಾಲಗೆ ದಿನಕ್ಕೆ ಹತ್ತು ಬಾರಿ ಏಳುವುದು, ಹತ್ತು ಬಾರಿ ಮಲಗುವುದು. ಹೇಳಿದರೆ ಏನಾದೀತೆಂದು ಅವಳಿಗೆ ಗೊತ್ತಿತ್ತು. ಹೆಗ್ಗನಹಳ್ಳಿಯಲ್ಲಿ ಕಸ್ತೂರೆವ್ವನ ಊರಿನವರೇ ಹತ್ತಾರು ಮನೆ ಇದ್ದಾರೆ, ಅಲ್ಲೊಂದು ಶೆಡ್ಡೂ ಖಾಲಿಯಿದೆ. ಹಲಗೆ, ಹಂಚು, ಪೆಟ್ಟಿಗೆಗಳು ಒಂದೇ ಸಾಗಣೆಯಲ್ಲಿ ಅಲ್ಲಿಗೆ ಹೋದಾವು. ಈ ಹಜಾರದಲ್ಲಿ ತಾನೊಬ್ಬಳೇ ಉಳಿದೇನು.

ಈಗ ಭಾನುವಾರದ ಮದುವೆಯೊಂದು ಎದುರಿಗಿತ್ತು. ಅಡುಗೆ ಗುತ್ತಿಗೆಯ ಕೊಟ್ರಪ್ಪ ಬಸವೇಶ್ವರನಗರದ ಕಲ್ಯಾಣಮಂಟಪಕ್ಕೆ ಸಾವಿರದ ಇನ್ನೂರು ರೊಟ್ಟಿ ಹೇಳಿದ್ದ. ಇದು ಸರಿಹೋದರೆ ತನ್ನ ಎಲ್ಲ ಮದುವೆಗಳಿಗೂ ಇವರದೇ ರೊಟ್ಟಿ ಎಂದಿದ್ದ. ಬುಧವಾರ ಬಡಿದದ್ದರಲ್ಲಿ ಅರ್ಧಕ್ಕರ್ಧ ಬಿರಿದು ಕಸದ ಬುಟ್ಟಿಯ ಪಾಲಾಗಿತ್ತು.

ಐದನೆಯ ಸಲ ಒಳಕೋಣೆಗೆ ಹೋಗಲು ಮುನಿತಾಯಮ್ಮ ಏಳುವಷ್ಟರಲ್ಲಿ ಬಡಿತ ನಿಂತಿತು. ಬಹಳ ಹೊತ್ತಾದರೂ ಮತ್ತೆ ಶುರುವಾಗಲಿಲ್ಲ. ಕಸ್ತೂರೆವ್ವ ಸೆರಗಿಗೆ ಕೈ ಒರೆಸಿಕೊಂಡು ಫೋನು ಎತ್ತಿಕೊಂಡಿದ್ದಳು.

"ಕೊಟ್ರಪ್ಪಣ್ಣಗ ಬ್ಯಾರೆ ಕಡೆ ನೋಡ್ಕೊ ಅಂತ ಹೇಳಿಬಿಡ್ತೀನಿ," ಎಂದಳು, ಯಾರ ಮುಖವನ್ನೂ ನೋಡದೆ. "ನನ್ನ ಕೈ ಸೋತಾವ. ವಯಸ್ಸಾತು ಅನ್ನೋದು ಕೈಗೆ ಮೊದಲು ತಿಳೀತೈತಿ. ನಮ್ಮವ್ವಗೂ ಹಿಂಗ ಆಗಿತ್ತು. ಇನ್ನ ನಾ ಬಡಿಯಾಂಗಿಲ್ಲ."

ಚೇತನಾ ತಲೆ ತಗ್ಗಿಸಿದಳು. ಬಾಗಿಲಲ್ಲಿ ಕಂಬಳಿ ಮಡಚುತ್ತಿದ್ದ ಹನುಮೇಶ ಮಡಚುವುದನ್ನು ನಿಲ್ಲಿಸಿದ. ಫೋನಿನ ಆಚೆ ಕರೆಯ ಗಂಟೆ ಹೊಡೆದುಕೊಳ್ಳುವುದು ಮುನಿತಾಯಮ್ಮನಿಗೂ ಕೇಳಿಸಿತು. ಅವಳು ಒಳಗೆ ಹೋದಳು. ಈ ಸಲ ಚಿಟಿಕೆ ತೆಗೆಯಲಿಲ್ಲ. ಡ್ರಮ್ಮನ್ನೇ ಎರಡೂ ಕೈಯಿಂದ ಹಿಡಿದು, ನೆಲದ ಮೇಲೆ ಗೀರು ಬೀಳುವಂತೆ ಹಜಾರಕ್ಕೆ ಎಳೆದು ತಂದು ಮುಚ್ಚಳ ತೆಗೆದಳು.

"ಫೋನ್ ಇಡು ಕಸ್ತೂರೆವ್ವ. ನಿನ್ನ ಕೈಗೇನೂ ಆಗಿಲ್ಲ. ಹಿಟ್ಟು ಇಪ್ಪತ್ತಾರು ದಿನದ್ದು."

ಆಮೇಲೆ ಮಿಕ್ಕದ್ದೆಲ್ಲವನ್ನೂ, ಮೂರು ಚೀಲವನ್ನೂ ಗುಡಿಯ ಜಗಲಿಯನ್ನೂ ನಗಬೇಕೆಂದಿದ್ದ ನಗೆಯನ್ನೂ ಹೇಳಿದಳು. ನೆಪ ಹೇಳಲಿಲ್ಲ. ಹೇಳಬೇಕೆಂದು ವಾರದಿಂದ ಕೂಡಿಟ್ಟಿದ್ದ ಮೊಣಕಾಲು ನೋವಿನ ಮಾತು ಬಾಯಿಗೆ ಬರಲೇ ಇಲ್ಲ.

ಹನುಮೇಶ ಕೈಯಲ್ಲಿದ್ದ ಕಂಬಳಿಯನ್ನು ನೋಡಿಕೊಂಡ. "ಅಂದ್ರ ಇಷ್ಟು ದಿನ ನಾ ಗಾಡೀನ ಹೆರಿಗಿ ಹೆಣ್ಮಗಳನ್ನ ಕೂಡಿಸಿಕೊಂಡಂಗ ಹೊಡದದ್ದು ಸುಳ್ಳಽ ಏನ್ರೀ ಆಂಟಿ?" ಎಂದ. ಯಾರೂ ನಗಲಿಲ್ಲ. ಚೇತನಾ ಸುಟ್ಟ ಮಣಿಕಟ್ಟನ್ನು ಬಳೆಯ ಕೆಳಗೆ ಮುಚ್ಚಿಕೊಂಡಳು.

ಕಸ್ತೂರೆವ್ವ ಫೋನು ಕೆಳಗಿಟ್ಟಳು. ಡ್ರಮ್ಮಿನ ಬಳಿಗೆ ಬಂದು ಹಿಡಿ ತುಂಬ ಹಿಟ್ಟೆತ್ತಿ ಬಿಗಿಯಾಗಿ ಮುಷ್ಟಿ ಕಟ್ಟಿ ಬಿಚ್ಚಿದಳು. ಬೆರಳಿನ ಗುರುತು ನಿಲ್ಲದೆ ಹಿಟ್ಟು ಸುರಿದುಹೋಯಿತು.

"ನನ್ನ ಕೈ ನನಗ ಹೇಳಿತ್ರೀ, ಇದು ಹಳೇ ಹಿಟ್ಟಂತ," ಎಂದಳು. ಧ್ವನಿ ಏರಿರಲಿಲ್ಲ. "ನಲವತ್ತು ವರ್ಷ ನಂಬಿದ ಕೈ. ನೀವು ನಿನ್ನೇದು ಅಂದ್ರಿ. ನಾ ಕೈಯ ಮಾತು ಬಿಟ್ಟು ನಿಮ್ಮ ಮಾತು ಕೇಳಿದ್ನಿ."

ಬೈದಿದ್ದರೆ ಮುನಿತಾಯಮ್ಮನಿಗೆ ಕುಳಿತುಕೊಳ್ಳಲು ಒಂದು ಜಾಗ ಸಿಕ್ಕಂತಾಗುತ್ತಿತ್ತು. ಈಗ ತನ್ನ ಮನೆಯಲ್ಲೇ ಎಲ್ಲಿ ನಿಲ್ಲಬೇಕೆಂದು ತಿಳಿಯದೆ, ಮುಚ್ಚಳವನ್ನು ಎದೆಗವಚಿಕೊಂಡು ನಿಂತಿದ್ದಳು.

ಮೊನ್ನೆ ಊರಿನಿಂದ ಬಂದಿದ್ದ ಜೋಳದ ಹೊಸ ಚೀಲಗಳಲ್ಲಿ ಹಸನಾದದ್ದೊಂದು ಗೋಡೆಗೊರಗಿತ್ತು. ಕಸ್ತೂರೆವ್ವ ಅದನ್ನು ಕಣ್ಣಲ್ಲೇ ತೋರಿಸಿದಳು. ಹನುಮೇಶ ಹೊತ್ತೊಯ್ದು ಸ್ಕೂಟರಿನ ಮೇಲಿಟ್ಟು ಮುಂದೆ ಹೋದ. ಕಸ್ತೂರೆವ್ವ ಚಪ್ಪಲಿ ಮೆಟ್ಟಿ ಹೊರಟಳು. ಬಾ ಎಂದು ಕರೆಯಲಿಲ್ಲ, ಬರಬೇಡವೆಂದೂ ಹೇಳಲಿಲ್ಲ. ಮುನಿತಾಯಮ್ಮ ಹಿಂದೆಯೇ ನಡೆದಳು, ಎರಡು ಹೆಜ್ಜೆಯ ಅಂತರ ಬಿಟ್ಟು. ಅಂತರವನ್ನು ಮುಚ್ಚಲೂ ಧೈರ್ಯವಿಲ್ಲ, ಹೆಚ್ಚಿಸಲೂ ಭಯ.

ಮಿಲ್ಲಿನ ಮಹದೇವ್ ಇಬ್ಬರನ್ನೂ ಕಂಡು, "ಏನಮ್ಮಾ, ತಿಂಗಳಾಯ್ತಲ್ಲ ಈ ಕಡೆ ಬಂದು. ಬೇರೆ ಮಿಲ್ಲು ಹಿಡಿದ್ರಾ?" ಎಂದ. ಮುನಿತಾಯಮ್ಮ ನೆಲ ನೋಡಿದಳು. ಅವಳ ಪರವಾಗಿ ಉತ್ತರ ಕೊಟ್ಟವಳು ಕಸ್ತೂರೆವ್ವ. ಮನೆಯಲ್ಲಿ ಹಿಟ್ಟು ಜಾಸ್ತಿ ಇತ್ತು ಎಂದಷ್ಟೇ ಹೇಳಿ, ರಾಗಿ ಬೀಸಿದ ಕಲ್ಲಿಗೆ ನೇರವಾಗಿ ಜೋಳ ಹಾಕಬಾರದು, ಮೊದಲು ಒಂದು ಸೇರು ಬೀಸಿ ಆ ಹಿಟ್ಟನ್ನು ತೆಗೆದುಬಿಡು ಎಂದು ಮಹದೇವನನ್ನು ತರಾಟೆಗೆ ತೆಗೆದುಕೊಂಡಳು. ಮುಂದೆ ಮೂರು ಡಬ್ಬಗಳ ಸರದಿಯಿತ್ತು. ಗಿರಣಿಯ ಸದ್ದಿನಲ್ಲಿ ನಿಲ್ಲಲಾರದೆ ಕಸ್ತೂರೆವ್ವ ಹೊರಗೆ ಬಂದಳು. ರಸ್ತೆಯ ಆಚೆ ಆಂಜನೇಯನ ಗುಡಿ.

"ಅದಽ ಜಗಲಿ ಏನ್ರೀ?"

"ಹೂಂ. ಕಂಬದ ಪಕ್ಕ."

ಕಸ್ತೂರೆವ್ವ ರಸ್ತೆ ದಾಟಿ ಸರಿಯಾಗಿ ಅದೇ ಕಂಬಕ್ಕೆ ಒರಗಿ ಕುಳಿತಳು. "ತಂಪೈತಿ," ಎಂದಳು. ಒಳಗಿನ ಆಂಜನೇಯನ ಕಡೆ ಕತ್ತು ತಿರುಗಿಸಿ, "ಆ ಹನುಮಪ್ಪನೂ ನಿಮ್ಮ ಜೋಡಿ ಸುಮ್ಮನಽ ಕುಂತಿದ್ದ, ನೋಡ್ರಿ" ಎಂದಳು. ಅದು ಚುಚ್ಚೋ ಚೇಷ್ಟೆಯೋ ಮುನಿತಾಯಮ್ಮನಿಗೆ ತಿಳಿಯಲಿಲ್ಲ. ಕಂಬದ ಇನ್ನೊಂದು ಮಗ್ಗುಲಿಗೆ ಕುಳಿತು, ಹೆಗ್ಗನಹಳ್ಳಿಯ ಶೆಡ್ಡಿನ ಮಾತು ಯಾವಾಗ ಬರುವುದೋ ಎಂದು ಕಾದಳು. ಬರಲಿಲ್ಲ. ಮಹದೇವ್ ಕೂಗಿದ, ಹನುಮೇಶ ಹಿಟ್ಟಿನ ಚೀಲವನ್ನು ಸ್ಕೂಟರಿಗೇರಿಸಿದ.

ಮನೆಗೆ ಬಂದಾಗ ಹಿಟ್ಟು ಇನ್ನೂ ಬೆಚ್ಚಗಿತ್ತು. ಚೇತನಾ ಎಸರು ಕುದಿಸಿದ್ದಳು. ಕಸ್ತೂರೆವ್ವ ನಾದಿ, ಒಂದು ಉಂಡೆ ಮುರಿದು, ಬಡಿಯುವ ಹಲಗೆಯನ್ನು ಮುನಿತಾಯಮ್ಮನ ಮುಂದೆ ಸರಿಸಿದಳು.

"ಇವತ್ತಿಂದ ದಿನದ ಮೊದಲನೇ ರೊಟ್ಟಿ ನಿಮ್ಮದು. ಹಿಟ್ಟು ಹಳೇದಾದ್ರ ಮೊದಲು ನಿಮ್ಮ ಕೈಗೇ ಗೊತ್ತಾಗಲಿ."

ಮುನಿತಾಯಮ್ಮ ಎರಡು ವರ್ಷದಲ್ಲಿ ಒಮ್ಮೆಯೂ ಬಡಿದವಳಲ್ಲ. ಅಂಗೈ ಬಿದ್ದ ಕಡೆ ತೆಳ್ಳಗಾಗಿ, ಬೀಳದ ಕಡೆ ದಪ್ಪವಾಗಿ, ಒಂದು ಬದಿ ಕಿವಿಯಂತೆ ಚಾಚಿಕೊಂಡು ರೊಟ್ಟಿ ಹರಡಿತು. ಹಿಟ್ಟು ಬೆರಳಿಗೆ ಎಳೆಯುತ್ತಿತ್ತು, ಬಿಡುತ್ತಿತ್ತು, ಮತ್ತೆ ಎಳೆಯುತ್ತಿತ್ತು. ಆ ಎಳೆತವನ್ನು ಅವಳ ಕೈ ಮೊದಲ ಬಾರಿಗೆ ಅರಿಯಿತು. ಅಂಚು ಬಿರಿಯಲಿಲ್ಲ. ಹನುಮೇಶ ಕತ್ತು ಚಾಚಿ ನೋಡಿ, ಇದನ್ನು ಮದುವೆಗೆ ಒಯ್ದರೆ ಬೀಗರು ಜಗಳ ತೆಗೆಯುತ್ತಾರೆಂದ. ಈ ಸಲ ಚೇತನಾ ನಕ್ಕಳು. ಕಸ್ತೂರೆವ್ವ ನಗದೆ ಆ ರೊಟ್ಟಿಯನ್ನು ಎತ್ತಿ ಹಂಚಿಗೆ ಹಾಕಿ, ಹಲಗೆಯನ್ನು ತನ್ನತ್ತ ಎಳೆದುಕೊಂಡಳು.

ಬಡಿತ ಮೊದಲಾಯಿತು. ಹತ್ತು, ಇಪ್ಪತ್ತು, ಮೂವತ್ತು ಪೆಟ್ಟುಗಳಾದರೂ ನಿಲುಗಡೆ ಬರಲಿಲ್ಲ. ಮುನಿತಾಯಮ್ಮ ತೆಂಕಣ ಮೂಲೆಯ ತನ್ನ ಮಣೆಗೆ ಹಿಂದಿರುಗಿ ಮೊರ ತೆಗೆದುಕೊಂಡಳು. ಕಲ್ಲು ಆರಿಸುವ ಕೈ ಪ್ರತಿ ಪೆಟ್ಟಿಗೂ ಅರೆಕ್ಷಣ ತಡೆದು, ಮುಂದಿನದು ಕೇಳಿಸಿದ ಮೇಲೆಯೇ ಮುಂದುವರಿಯುತ್ತಿತ್ತು.